ಅರ್ಧ ಮಣೆಯ ಕುದುರೆ, ನಾಲ್ಕನೇ ಬೋರ್ಡಿನ ಹುಡುಗಿ

ಮೂರು ಬೋರ್ಡುಗಳ ಆಟ ಮುಗಿದಿತ್ತು. ಕೃಷ್ಣಾ ತಂಡಕ್ಕೆ ಎರಡು ಅಂಕ, ಮಲಪ್ರಭಾ ತಂಡಕ್ಕೆ ಒಂದು. ಉಳಿದದ್ದು ನಾಲ್ಕನೇ ಬೋರ್ಡು. ಒಂದು ಬದಿಗೆ ಒಂಬತ್ತನೇ ತರಗತಿಯ ಹುಡುಗಿ, ಇನ್ನೊಂದು ಬದಿಗೆ ಎಪ್ಪತ್ತು ದಾಟಿದ ನೇಕಾರ ಅಜ್ಜ. ಆಕೆಗೆ ಕುದುರೆ ನಡೆಸುವುದನ್ನು ಕಲಿಸಿದವರೇ ಆ ಅಜ್ಜ. ಆಟ ಮುಗಿಸಿದವರೆಲ್ಲ ಸದ್ದು ಮಾಡದೆ ಬಂದು ಆ ಮೇಜಿನ ಸುತ್ತ ನಿಂತರು. ಯಾರೂ ಬಾಯಿ ಬಿಡುವ ಹಾಗಿಲ್ಲ, ಹುಬ್ಬು ಹಾರಿಸುವ ಹಾಗೂ ಇಲ್ಲ. ಹೊರಗೆ ಕಟ್ಟೆಯ ಮೇಲೆ ಗಿರಮಿಟ್ಟು, ಮಿರ್ಚಿ ಭಜಿ ತಣ್ಣಗಾಗುತ್ತಿದ್ದವು.

ಕೂಡಲಸಂಗಮದ ಆಸುಪಾಸಿನ ಊರುಗಳಿಂದ, ಹುನಗುಂದದಿಂದ, ಇಳಕಲ್ಲಿನಿಂದ ಬಂದು ಸೇರುವ ಹವ್ಯಾಸಿಗಳ ಬಳಗ ಅದು. ನಾಮಫಲಕವಿಲ್ಲ, ರಸೀದಿ ಪುಸ್ತಕವಿಲ್ಲ. ‘ನಮ್ಮ ಹೆಸರು ಪೇಪರಿನ್ಯಾಗ ಬ್ಯಾಡ್ರೀ, ಆಟದ ಬಗ್ಗೆ ಬರೀರಿ’ ಅಂದರು. ಹಾಗಾಗಿ ಹೆಸರುಗಳನ್ನು ಬಿಟ್ಟಿದ್ದೇನೆ. ಭಾನುವಾರ ಖಾಲಿ ಇರುವ ಒಂದು ಕೋಣೆ, ಸುತ್ತಿಟ್ಟ ರೆಕ್ಸಿನ್ ಹಾಸುಗಳು, ಪ್ಲಾಸ್ಟಿಕ್ ಕಾಯಿಗಳು, ಹೇಗೋ ಹೊಂದಿಸಿಕೊಂಡ ಗಡಿಯಾರಗಳು. ಒಂದು ಸೆಟ್ಟಿನಲ್ಲಿ ಕರಿ ಒಂಟೆ ಕಳೆದುಹೋಗಿದೆ. ಅದರ ಜಾಗದಲ್ಲಿ ಮಗ್ಗದ ಕಂಡಿಕೆಯೊಂದು ನಿಂತಿರುತ್ತದೆ. ಕೆಂಪು ನೂಲಿನ ಎಳೆ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಅದನ್ನು ಯಾರೂ ಕಂಡಿಕೆ ಎನ್ನುವುದಿಲ್ಲ. ಕೈಯಲ್ಲಿ ಹಿಡಿದು ಮೂಲೆಗುಂಟ ಎಳೆದು, ‘ಒಂಟಿ’ ಎಂದೇ ಆಡುತ್ತಾರೆ.

ಚದುರಂಗವನ್ನು ಒಬ್ಬರಿಗೊಬ್ಬರು ಎದುರು ಕೂತು ಆಡುವುದು ಗೊತ್ತೇ ಇದೆ. ತಂಡ ಕಟ್ಟಿ ಆಡಿದಾಗ ಅದರ ರುಚಿಯೇ ಬೇರೆ. ಈ ಬಳಗ ತನ್ನ ಸದಸ್ಯರನ್ನೇ ನಾಲ್ಕು ಪಾಲು ಮಾಡಿ, ತಂಡಗಳಿಗೆ ಈ ಸೀಮೆಯ ನದಿಗಳ ಹೆಸರಿಟ್ಟಿದೆ. ಹಂಚಿಕೆಯಲ್ಲಿ ಜಾಣತನವಿದೆ. ಗಟ್ಟಿ ಆಟಗಾರರು ನಾಲ್ವರು ಒಂದೊಂದು ತಂಡದ ಮೊದಲ ಬೋರ್ಡಿಗೆ. ಅವರ ಕೆಳಗಿನ ನಾಲ್ವರನ್ನು ಚೀಟಿ ಎತ್ತಿ ಎರಡನೇ ಬೋರ್ಡಿಗೆ, ಹೀಗೆ ನಾಲ್ಕನೆಯವರೆಗೆ. ಮೊದಲಿನವರ ಎದುರು ಮೊದಲಿನವರೇ ಕೂರುತ್ತಾರೆ, ಕೊನೆಯವರ ಎದುರು ಕೊನೆಯವರು. ಒಂದು ತಂಡಕ್ಕೆ ಒಂದು, ಮೂರನೇ ಬೋರ್ಡಿನಲ್ಲಿ ಬಿಳಿ ಕಾಯಿ ಬಂದರೆ ಇನ್ನೊಂದಕ್ಕೆ ಎರಡು, ನಾಲ್ಕರಲ್ಲಿ. ಮರುಪಂದ್ಯದಲ್ಲಿ ಬಣ್ಣ ಅದಲುಬದಲು. ಗೆದ್ದ ತಂಡಕ್ಕೆ ಎರಡು ಅಂಕ, ಸಮವಾದರೆ ಒಂದೊಂದು. ಚೆಸ್ ಒಲಿಂಪಿಯಾಡ್ ನಡೆಯುವುದೂ ಈ ನಾಲ್ಕು ಬೋರ್ಡಿನ ಲೆಕ್ಕದಲ್ಲೇ. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ನಮ್ಮ ಪುರುಷರು, ಮಹಿಳೆಯರು ಇಬ್ಬರೂ ಚಿನ್ನ ಗೆದ್ದರಲ್ಲ, ಅಲ್ಲಿದ್ದದ್ದೂ ಇದೇ ಪದ್ಧತಿ. ಗುಕೇಶ್ ಮೊದಲ ಬೋರ್ಡಿನಲ್ಲಿ ಹತ್ತಕ್ಕೆ ಒಂಬತ್ತು ಅಂಕ ತೆಗೆದ. ಎಲ್ಲರಿಗೂ ನೆನಪಿರುವುದು ಅದು. ಆದರೆ ತಂಡದ ಲೆಕ್ಕದಲ್ಲಿ ಕೊನೆಯ ಬೋರ್ಡಿನ ಅರ್ಧ ಅಂಕಕ್ಕೂ ಮೊದಲ ಬೋರ್ಡಿನ ಅರ್ಧ ಅಂಕಕ್ಕೂ ಒಂದೇ ತೂಕ.

ನನಗೆ ಈ ಆಟ ಹಿಡಿಸಿದ್ದು ಇದೇ ಕಾರಣಕ್ಕೆ. ಮೊದಲ ಬೋರ್ಡಿನಲ್ಲಿ ಗಣಿತದ ಮೇಷ್ಟ್ರು ಬ್ಯಾಂಕಿನವರ ಜೊತೆ ಎಷ್ಟು ಸೊಗಸಾಗಿ ಆಡಿ ಡ್ರಾ ಮಾಡಿಕೊಂಡರೂ ಅವರ ತಂಡದ ಹಣೆಬರಹ ಒಂಬತ್ತನೇ ತರಗತಿಯ ಹುಡುಗಿಯ ಕೈಯಲ್ಲಿತ್ತು. ಅವರು ಏನನ್ನೂ ಹೇಳುವ ಹಾಗಿಲ್ಲ. ಡ್ರಾ ಕೇಳಿದರೆ ಒಪ್ಪು, ಬೇಡ ಅನ್ನುವಷ್ಟು ಮಾತ್ರ ನಾಯಕನಿಗೆ ಅಧಿಕಾರ. ಮಣೆಯ ಮೇಲೆ ಏನಾಗುತ್ತಿದೆ ಎಂಬ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಕಿರುಬೆರಳು ಮಾತ್ರ ತೋಳಿನ ಮೇಲೆ ಒಂದೇ ಸಮ ಬಡಿಯುತ್ತಿತ್ತು.

ಹುಡುಗಿಯದು ಬಿಳಿ. ಮಂತ್ರಿಗಳು ಆಗಲೇ ಮಣೆ ಬಿಟ್ಟಿದ್ದವು. ಅಜ್ಜನ ರಾಜ ನಡುವಿನಲ್ಲೇ, ಹುಟ್ಟಿದ ಮನೆಯಲ್ಲೇ ಕೂತಿದ್ದ. ಕ್ಯಾಸ್ಲಿಂಗ್ ಮಾಡಲು ಬೇಕಾದಷ್ಟು ಬಿಡುವಿತ್ತು, ಅಜ್ಜ ಮಾಡಲಿಲ್ಲ. ಹುಡುಗಿಯ ಕುದುರೆ ನಡುಮಣೆಗೆ ಬಂದು ನಿಂತಿತು. ಅಜ್ಜ ಒಂದು ಪ್ಯಾದೆ ಸರಿಸಿ ಗಡಿಯಾರ ಒತ್ತಿದರು. ಆಕೆ ಕುದುರೆಗೆ ಕೈ ಹಾಕಿದಳು, ಮುಟ್ಟಲಿಲ್ಲ. ಮುಟ್ಟಿದರೆ ನಡೆಸಲೇಬೇಕು. ಕೈ ಹಿಂದೆ ತೆಗೆದು ಇಡೀ ಮಣೆಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಕುದುರೆಯನ್ನು ಎತ್ತಿ ಮಂತ್ರಿಯ ಒಂಟೆಯ ಸಾಲಿನ ಏಳನೇ ಮನೆಯಲ್ಲಿಟ್ಟಳು. ಒಂದೇ ನೆಗೆತಕ್ಕೆ ರಾಜನಿಗೆ ಚೆಕ್, ಮೂಲೆಯ ಆನೆಗೂ ಕುತ್ತು. ರಾಜ ಸರಿಯಲೇಬೇಕು, ಆನೆ ಹೋಗಲೇಬೇಕು. ಅಜ್ಜ ಇನ್ನೂ ಸ್ವಲ್ಪ ಹೊತ್ತು ಆಡಿದರು. ಆಮೇಲೆ ರಾಜನನ್ನು ಮಲಗಿಸಿ, ‘ಶಾಣ್ಯಾ ಆಗೀ ಬಿಡವ್ವಾ’ ಎಂದು ಕೈಕೊಟ್ಟರು. ಎರಡು ಎರಡು ಸಮ. ತಂಡಗಳಿಗೆ ಒಂದೊಂದು ಅಂಕ.

ಆಟ ಮುಗಿದ ಮೇಲೆ ನಾನು ಕೇಳಿದೆ: ‘ಅಜ್ಜಾರ, ಕ್ಯಾಸ್ಲಿಂಗ್ ಯಾಕ ಮಾಡಲಿಲ್ಲ?’ ‘ನಮ್ಮಪ್ಪ ಕಲಿಸಿದ ಆಟದಾಗ ಅದು ಇರಲೇ ಇಲ್ಲರೀ. ರಾಜಾ ತಾನs ಒಮ್ಮೆ ಕುದುರಿಗತೆ ಜಿಗೀತಿದ್ದ. ಹಂಗಾಗಿ ಅವನ ಚಿಂತಿ ಮಾಡೋ ಚಾಳಿ ಇಲ್ಲ ನನಗ’ ಎಂದರು.

ಅದು ನಮ್ಮ ದೇಸಿ ಚದುರಂಗದ ನಿಯಮ. ಕಳೆದ ಶತಮಾನದ ನಡುವಿನವರೆಗೂ ನಮ್ಮ ಊರುಗಳಲ್ಲಿ ಅಲ್ಲಲ್ಲಿ ಉಳಿದಿತ್ತು. ರಾಜ ಇಡೀ ಆಟದಲ್ಲಿ ಒಂದು ಸಲ ಮಾತ್ರ ಕುದುರೆಯಂತೆ ನೆಗೆಯಬಹುದು. ಅದಕ್ಕೆ ಮೊದಲೇ ಶಹ ಬಿದ್ದರೆ ಆ ಹಕ್ಕು ಹೋಯಿತು. ಪ್ಯಾದೆಗೆ ಮೊದಲ ನಡೆಯಲ್ಲೂ ಒಂದೇ ಮನೆ, ಎರಡಿಲ್ಲ. ಕೊನೆಯ ಸಾಲು ಮುಟ್ಟಿದ ಪ್ಯಾದೆ ಮಂತ್ರಿಯೇ ಆಗಬೇಕೆಂದಿಲ್ಲ. ಆನೆಯ ಸಾಲಿನಲ್ಲಿ ಹೋದದ್ದು ಆನೆ, ಕುದುರೆಯ ಸಾಲಿನದು ಕುದುರೆ. ಪ್ಯಾದೆಯಿಂದ ಮಾತ್ ಮಾಡಿದರೆ ಅದಕ್ಕೆ ಮಿಗಿಲಾದ ಗೆಲುವಿಲ್ಲ. ಈ ಆಟದಲ್ಲಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಪಾಶ್ಚಾತ್ಯ ನಿಯಮಗಳನ್ನು ದೊಡ್ಡವನಾದ ಮೇಲೆ ಕಲಿತು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಹೇಸ್ಟಿಂಗ್ಸ್‌ನಲ್ಲಿ ಕಪಾಬ್ಲಾಂಕಾನನ್ನೇ ಸೋಲಿಸಿದ. ಆರಂಭದ ನಡೆಗಳಲ್ಲಿ ಮಾತ್ರ ಅವನು ಸದಾ ಎಡವುತ್ತಿದ್ದ. ನಿಧಾನಕ್ಕೆ ಕಾಯಿ ಬಿಡಿಸುವ ಆಟದಿಂದ ಬಂದವನಿಗೆ ಅದು ಸಹಜ. ನಮ್ಮ ಅಜ್ಜನ ರಾಜ ನಡುಮನೆಯಲ್ಲಿ ಕೂತದ್ದೂ ಅದೇ ರೂಢಿಯಿಂದ.

ಇಷ್ಟಕ್ಕೆ ನಾನು ಚಹಾ ಕುಡಿದು ಎದ್ದು ಬರಬೇಕಿತ್ತು. ಆದರೆ ಅಜ್ಜ ಜೇಬಿನಿಂದ ಹುಣಸೆ ಬೀಜ ತೆಗೆದರು. ಮಣೆಯ ಮೇಲಿನ ಕಾಯಿಗಳನ್ನೆಲ್ಲ ಸರಿಸಿ, ಅರ್ಧ ಹಾಸನ್ನು ಮಡಚಿ ಕೆಳಗೆ ಹಾಕಿದರು. ಉಳಿದದ್ದು ನಾಲ್ಕು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 32. ಮೂಲೆಯಲ್ಲಿ ಒಂದು ಕುದುರೆ. ಕುದುರೆ ಮುಟ್ಟಿದ ಮನೆಯಲ್ಲಿ ಒಂದು ಬೀಜ. ಒಮ್ಮೆ ಮುಟ್ಟಿದ ಮನೆಗೆ ಮತ್ತೆ ಹೋಗುವಂತಿಲ್ಲ. 32 ಮನೆಯನ್ನೂ ಮುಟ್ಟಬೇಕು. ಎಡಗೈಯಲ್ಲಿ ಚಹಾದ ಕಪ್ಪು ಹಿಡಿದೇ ಅಜ್ಜ ಬಲಗೈಯಿಂದ ಕುದುರೆ ಕುಣಿಸಿದರು. ಒಂದು ಮನೆಯಲ್ಲೂ ತಡವರಿಸಲಿಲ್ಲ. ಮಣೆ ತುಂಬ ಬೀಜ ತುಂಬಿತು.

‘ಈಗ ಹೇಳ್ರೀ, ಕುದುರಿ ಹೊಂಟ ಮನಿಗೆ ಒಂದs ಜಿಗಿತಕ್ಕ ವಾಪಸ್ ಬರೂಹಂಗ ಮಾಡಬಹುದೇನು?’

ಮಕ್ಕಳು ಮುಗಿಬಿದ್ದರು. ಯಾರಿಗೂ ಆಗಲಿಲ್ಲ. ಆಗುವುದೂ ಇಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ಮೇಷ್ಟ್ರು ಬೀಜಗಳಿಂದಲೇ ತೋರಿಸಿದರು. ಆ ಲೆಕ್ಕ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಓದುಗರೂ ಒಂದು ಹಾಳೆಯ ಮೇಲೆ ಬರೆದುಕೊಂಡು ನೋಡಬೇಕು. ನಾಲ್ಕು ಸಾಲಿನ ಮಣೆಯಲ್ಲಿ ಮೇಲಿನದು, ಕೆಳಗಿನದು ಹೊರಸಾಲು. ನಡುವಿನ ಎರಡು ಒಳಸಾಲು. ಹೊರಸಾಲಿನಲ್ಲಿ ನಿಂತ ಕುದುರೆ ಎತ್ತ ನೆಗೆದರೂ ಒಳಸಾಲಿಗೇ ಬೀಳುತ್ತದೆ. ಇನ್ನೊಂದು ಹೊರಸಾಲಿಗೆ ನೇರ ಹಾರಲಾರದು, ತನ್ನ ಸಾಲಿನಲ್ಲೇ ಸರಿಯಲೂ ಆರದು. ಹೊರಮನೆ 16, ಒಳಮನೆ 16. ಸುತ್ತು ಹಾಕಿ ಹೊರಟಲ್ಲಿಗೇ ಬರಬೇಕಾದರೆ ಹೊರಗೆ, ಒಳಗೆ, ಹೊರಗೆ, ಒಳಗೆ ಎಂದು ಒಂದು ಬಿಟ್ಟು ಒಂದರಂತೆ ಸಾಗದೆ ಗತ್ಯಂತರವಿಲ್ಲ. ಇತ್ತ ಕುದುರೆ ನೆಗೆದಾಗಲೆಲ್ಲ ಮನೆಯ ಬಣ್ಣವೂ ಬದಲಾಗುತ್ತದೆ. ಬಿಳಿಯಿಂದ ಹಸಿರಿಗೆ, ಹಸಿರಿಂದ ಬಿಳಿಗೆ. ಈ ಎರಡು ಲೆಕ್ಕವನ್ನೂ ಕೂಡಿಸಿದರೆ ಹೊರಮನೆಗಳೆಲ್ಲ ಒಂದೇ ಬಣ್ಣದವಾಗಿರಬೇಕು. ಆದರೆ ಹೊರಸಾಲಿನಲ್ಲಿ ಎಂಟು ಬಿಳಿ, ಎಂಟು ಹಸಿರು! ಹಾಗಾಗಿ ಸಾಧ್ಯವೇ ಇಲ್ಲ. ಅಷ್ಟೇ ಅಲ್ಲ, ಅರ್ಧ ಮಣೆಯ ಪ್ರಯಾಣ ಮುಗಿಸಬೇಕೆಂದರೆ ಕುದುರೆ ಹೊರಸಾಲಿನಲ್ಲೇ ಹೊರಟು ಹೊರಸಾಲಿನಲ್ಲೇ ನಿಲ್ಲಬೇಕು. ನಡುವೆ ಒಂದೇ ಒಂದು ಸಲ ಒಳಮನೆಯಿಂದ ಒಳಮನೆಗೆ ನೆಗೆಯಬೇಕು. ಅದಿಲ್ಲದೆ ದಾರಿ ಇಲ್ಲ.

ಹುಡುಗಿ ತಟ್ಟನೆ ಕೇಳಿದಳು: ‘ಹಂಗಾದ್ರ ಪೂರ್ತಿ ಮಣ್ಯಾಗ, ಸರ?’ ಪೂರ್ತಿ ಮಣೆಯಲ್ಲಿ ಬರುತ್ತದೆ. 64 ಮನೆ ಸುತ್ತಿ ಹೊರಟಲ್ಲಿಗೆ ಬರುವ ದಾರಿಗಳು ಹದಿಮೂರು ಲಕ್ಷ ಕೋಟಿಗೂ ಹೆಚ್ಚಿವೆ. ಅರ್ಧ ಮಣೆಯಲ್ಲಿ ಒಂದೂ ಇಲ್ಲ!

ಇನ್ನು ಅರ್ಧ ಮಣೆಯೇ ಯಾಕೆ? ಇಲ್ಲಿದೆ ನೋಡಿ ನನ್ನನ್ನು ಮರುಳು ಮಾಡಿದ ಸಂಗತಿ. ಅನುಷ್ಟುಪ್ ಶ್ಲೋಕಕ್ಕೆ ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ, ಒಟ್ಟು 32. ಒಂದೊಂದು ಪಾದವನ್ನು ಒಂದೊಂದು ಸಾಲಿನಲ್ಲಿ, ಮನೆಗೊಂದು ಅಕ್ಷರದಂತೆ ಬರೆದರೆ ಚದುರಂಗದ ಅರ್ಧ ಮಣೆ ಸರಿಯಾಗಿ ತುಂಬುತ್ತದೆ. ನಮ್ಮ ಕವಿಗಳಿಗೆ ಇದು ಹೊಳೆಯದೇ ಇದ್ದೀತೇ? ಒಂಬತ್ತನೇ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ತುರಗಪದ ಬಂಧದ ಶ್ಲೋಕ ಕೊಟ್ಟಿದ್ದಾನೆ. ಅದನ್ನು ಸಾಲಾಗಿ ಓದಿದರೂ ಕುದುರೆ ನೆಗೆದ ಕ್ರಮದಲ್ಲಿ ಓದಿದರೂ ಅದೇ ಶ್ಲೋಕ ಬರುತ್ತದೆ. ವೇದಾಂತ ದೇಶಿಕರು ಇನ್ನೂ ಮುಂದೆ ಹೋದರು. ‘ಪಾದುಕಾ ಸಹಸ್ರ’ದ ಚಿತ್ರಪದ್ಧತಿಯಲ್ಲಿ ಒಂದು ಶ್ಲೋಕವನ್ನು ಮಣೆಯ ಮೇಲೆ ಬರೆದು ಕುದುರೆಯ ದಾರಿ ಹಿಡಿದು ಓದಿದರೆ ಅದರ ಮುಂದಿನ ಶ್ಲೋಕವೇ ಸಿದ್ಧವಾಗಿ ನಿಲ್ಲುತ್ತದೆ. ಎರಡಕ್ಕೂ ಅರ್ಥವಿದೆ, ಎರಡೂ ಶ್ರೀರಂಗನಾಥನ ಪಾದುಕೆಯ ಸ್ತುತಿ. ಅವರು ಕೊಳ್ಳೇಗಾಲದ ಹತ್ತಿರದ ಸತ್ಯಗಾಲದಲ್ಲಿ ಕೆಲವು ಕಾಲ ಇದ್ದರೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಯುರೋಪಿನಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞ ಇದೇ ಕುದುರೆಯ ಬೆನ್ನು ಹತ್ತಿದ್ದು 1759ರಲ್ಲಿ.

ಕನ್ನಡ ನಾಡಿನಲ್ಲಿ ಈ ಹುಚ್ಚನ್ನು ಅರಮನೆಯವರೆಗೆ ಒಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಕಾವ್ಯ, ಚಿತ್ರ, ಸಂಗೀತ, ಆಟಗಳಲ್ಲಿ ಮನಸ್ಸಿಟ್ಟರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಮಣೆಗಳ ಚಿತ್ರಗಳು ಈಗಲೂ ಇವೆ. ಮೈಸೂರಿಗೆ ಹೋದವರು ಸಾಮಾನ್ಯವಾಗಿ ರವಿವರ್ಮನ ಚಿತ್ರ ನೋಡಿ ಇಳಿದು ಬಿಡುತ್ತಾರೆ. ಮಣೆಗಳ ಮುಂದೆಯೂ ಸ್ವಲ್ಪ ನಿಲ್ಲಿ. ಮುಮ್ಮಡಿಯವರು ಕಟ್ಟಿದ ಒಂದು ಕುದುರೆ ನಡೆಯಲ್ಲಿ 1ರಿಂದ 64ರವರೆಗೆ ನೆಗೆತದ ಕ್ರಮದಲ್ಲೇ ಅಂಕಿ ಬರೆದರೆ, ಪ್ರತಿ ಅಡ್ಡಸಾಲಿನ ಮೊತ್ತ 260, ಪ್ರತಿ ಕಂಬಸಾಲಿನ ಮೊತ್ತವೂ 260. ಕುದುರೆ ಕುಣಿದಲ್ಲೇ ಮಾಯಾಚೌಕ! ಇಂಗ್ಲೆಂಡಿನ ವಿಲಿಯಂ ಬೆವರ್ಲಿ ಇಂಥದೊಂದನ್ನು 1848ರಲ್ಲಿ ಪ್ರಕಟಿಸಿದ. ನಮ್ಮ ದೊರೆ ಅದೇ ಸುಮಾರಿನಲ್ಲಿ ತಮ್ಮ ಅರಮನೆಯಲ್ಲಿ ಕೂತು ತಮ್ಮದನ್ನು ಕಟ್ಟಿದರು. ಮೂಲೆಯಿಂದ ಮೂಲೆಗೆ ಹೋಗುವ ಕರ್ಣಗಳೂ 260 ಆಗುವ ನಡೆ ಇದೆಯೇ ಎಂದು ಜನ ನೂರೈವತ್ತು ವರ್ಷ ಹುಡುಕಿದರು. 2003ರಲ್ಲಿ ಕಂಪ್ಯೂಟರುಗಳು ಎರಡು ತಿಂಗಳಷ್ಟು ಲೆಕ್ಕ ಹಾಕಿ ಇಲ್ಲ ಎಂದು ತೀರ್ಮಾನ ಕೊಟ್ಟವು. ಅಂದರೆ ಎಂಟೆಂಟು ಮಣೆಯಲ್ಲಿ ಯಾರಾದರೂ ಮುಟ್ಟಬಹುದಾದ ತುದಿಯನ್ನು ಮುಮ್ಮಡಿಯವರು ಬರಿಗೈಯಲ್ಲೇ ಮುಟ್ಟಿದ್ದರು.

ನಾನು ಇದನ್ನೆಲ್ಲ ಹೇಳಿದಾಗ ಅಜ್ಜ ತಲೆದೂಗಿದರು. ಅವರಿಗೆ ರುದ್ರಟನೂ ಗೊತ್ತಿಲ್ಲ, ಆಯ್ಲರನೂ ಗೊತ್ತಿಲ್ಲ. ಮಗ್ಗದ ಮುಂದೆ ಕೂತ ಅಪ್ಪ ತನಗೆ ಬಾಯಿಪಾಠ ಮಾಡಿಸಿದ್ದು ಆ ಅರ್ಧ ಮಣೆಯ ದಾರಿ ಎಂದರು. ಯಾವ ಮನೆಯಿಂದ ಮುಂದೆ ಹೋಗಲು ದಾರಿಗಳು ಕಡಿಮೆಯೋ ಆ ಮನೆಯನ್ನು ಮೊದಲು ಮುಗಿಸು, ಮೂಲೆಗಳನ್ನು ಕೊನೆಗೆಂದು ಬಿಡಬೇಡ. ಇದು ಅಪ್ಪ ಹೇಳಿದ ಗುಟ್ಟು. ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲಿ ಪುಸ್ತಕ ಬರೆದು ಹೇಳಿದ ಸೂತ್ರವೂ ಇದೇ.

ಚದುರಂಗ ನಮ್ಮಲ್ಲೇ ಹುಟ್ಟಿತು ಎಂದು ವೇದಿಕೆ ಮೇಲೆ ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗೆ ಬೇಸರ. ಹುಟ್ಟಿದ್ದು ಇಲ್ಲೇ, ಸರಿ. ಏಳನೇ ಶತಮಾನದಲ್ಲಿ ಬಾಣ ತನ್ನ ‘ಹರ್ಷಚರಿತ’ದಲ್ಲಿ ಚದುರಂಗದ ಮಾತೆತ್ತಿದ್ದಾನೆ.   ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಅಲ್ಲಿ ಆಳಿದ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೆ ಜಾಗ ಕೊಟ್ಟಿದ್ದಾನೆ. ಇಷ್ಟೆಲ್ಲ ಇದ್ದೂ ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 1988ರಲ್ಲಿ, ಆನಂದ್. ಕರ್ನಾಟಕಕ್ಕೆ ಮೊದಲನೆಯವರು ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜಕುಮಾರ್. ಮುಮ್ಮಡಿಯವರ ಊರಿನಿಂದಲೇ ಅವರು ಬಂದರೆಂಬುದು ಖುಷಿಯ ಮಾತು. ಆದರೆ ತೀರ ತಡವಾಗಿ ಬಂದರು. ಹುಟ್ಟಿಸಿದ ಹೆಮ್ಮೆ ಬೇರೆ, ದಿನವೂ ಆಡುವ ರೂಢಿ ಬೇರೆ.

ಆ ರೂಢಿ ಬೆಳೆಯಬೇಕಾದರೆ ಬಳಗದೊಳಗೇ ನಡೆಯುವ ಇಂಥ ಒಳಲೀಗುಗಳೇ ಬೇಕೆಂದು ನನ್ನ ಖಚಿತ ಅಭಿಪ್ರಾಯ. ಈ ಕಡೆಯ ಹುಡುಗರು ರೇಟಿಂಗ್ ಟೂರ್ನಿ ಆಡಬೇಕೆಂದರೆ ಹುಬ್ಬಳ್ಳಿ, ಬೆಳಗಾವಿ, ಕೊನೆಗೆ ಬೆಂಗಳೂರು. ಪ್ರವೇಶ ಶುಲ್ಕ, ಬಸ್ ಚಾರ್ಜು, ಎರಡು ಮೂರು ದಿನ ಉಳಿದುಕೊಳ್ಳುವ ಖರ್ಚು, ಜೊತೆಗೆ ಹೋಗುವ ಅಪ್ಪನ ಕೂಲಿ ಬೇರೆ ಖೋತಾ. ಹಾಗೆ ಹೋದ ಮಗು ಮೊದಲ ಮೂರು ಸುತ್ತು ಸೋತು, ಅಳುಮುಖ ಮಾಡಿಕೊಂಡು ಬಂದು, ಕಾಯಿಗಳನ್ನು ಅಟ್ಟಕ್ಕೆ ಹಾಕುತ್ತದೆ. ಫೋನಿನಲ್ಲಿ ಆಡಬಹುದಲ್ಲ ಎನ್ನುತ್ತಾರೆ. ಆಡಲಿ, ಕಲಿಯುವುದೂ ಉಂಟು. ಆದರೆ ಮೂರು ನಿಮಿಷದ ಆಟ ಸೋತರೆ ಮರುಕ್ಷಣ ಇನ್ನೊಂದು ಸಿಗುತ್ತದೆ, ಸೋಲಿಗೆ ಬೆಲೆಯೇ ಇರುವುದಿಲ್ಲ. ಒಳಲೀಗಿನಲ್ಲಿ ಸೋತರೆ ನಿಮ್ಮ ಪಕ್ಕದಲ್ಲಿ ಮೂವರು ನಿಂತಿರುತ್ತಾರೆ. ಅವರಿಗೆ ಉತ್ತರ ಹೇಳಬೇಕು, ಎಲ್ಲಿ ತಪ್ಪಿತೆಂದು ಮಣೆ ಹಾಸಿ ತೋರಿಸಬೇಕು. ಗೆದ್ದವರೇ ಎದುರು ಕೂತು ತಿದ್ದುತ್ತಾರೆ. ಅಂದು ಎರಡನೇ ಬೋರ್ಡಿನಲ್ಲಿ ಗಡಿಯಾರ ಒತ್ತುವುದನ್ನು ಮರೆತು ಸೋತ ಕಾಲೇಜು ಹುಡುಗನಿಗೆ ಗೆದ್ದ ಬಸ್ ಕಂಡಕ್ಟರ್ ಅರ್ಧ ತಾಸು ಪಾಠ ಮಾಡಿದರು. ಅವರಲ್ಲೊಬ್ಬರು ಬೇರೆ ಬೋರ್ಡಿಗೆ ಸರಿದರೆ ಮುಂದಿನ ಹಂಗಾಮಿನಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಇರಬಹುದು, ಚೀಟಿ ಎತ್ತಿದ ಹಾಗೆ.

ಇನ್ನೊಂದನ್ನು ಹೇಳಲೇಬೇಕು. ನಾಲ್ಕನೇ ಬೋರ್ಡು ಇಲ್ಲದಿದ್ದರೆ ಆ ಹುಡುಗಿ ಆಟಕ್ಕೇ ಬರುತ್ತಿರಲಿಲ್ಲ. ಬಿಡಿ ಟೂರ್ನಿಯಲ್ಲಿ ಆಕೆ ಪಟ್ಟಿಯ ಕೊನೆಯ ಹೆಸರು. ಇಲ್ಲಿ ಆಕೆ ಬರದಿದ್ದರೆ ತಂಡಕ್ಕೆ ಒಂದು ಅಂಕ ನಷ್ಟ. ಹಾಗಾಗಿ ಭಾನುವಾರ ಬೆಳಗ್ಗೆ ಮನೆ ಮುಂದೆ ಬೈಕ್ ನಿಲ್ಲಿಸಿ, ‘ಅಕ್ಕಾರ, ಮಗಳನ್ನ ಕಳಸ್ರಿ, ಇವತ್ತ ಮ್ಯಾಚ್ ಐತಿ’ ಎಂದು ಮೇಷ್ಟ್ರೇ ಬಂದು ಕೇಳುತ್ತಾರೆ. ಕರ್ನಾಟಕದ ಚೆಸ್ ನಕ್ಷೆಯಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗದ ಆಚೆ ಹೆಸರುಗಳು ವಿರಳ. ನಮ್ಮ ಕಡೆ ಬುದ್ಧಿಯ ಬರ ಇಲ್ಲ. ಆಕೆಯಂಥವರು ವಾರ ವಾರ ಗಂಭೀರವಾಗಿ ಆಡಲು ಒಂದು ಕುರ್ಚಿ ಇಲ್ಲ, ಅಷ್ಟೇ.

ಖರ್ಚು ದೊಡ್ಡದಲ್ಲ. ಎರಡು ತಂಡಕ್ಕೆ ಎಂಟು ಜನ, ನಾಲ್ಕು ಮಣೆ ಸಾಕು. ಗಡಿಯಾರ ಇಲ್ಲದಿದ್ದರೆ ಶುರುವಿಗೆ ಮೊಬೈಲಿನ ಗಡಿಯಾರವೇ ನಡೆಯುತ್ತದೆ. ಗ್ರಾಮ ಪಂಚಾಯತಿಯ ಎಷ್ಟೋ ಅರಿವು ಕೇಂದ್ರಗಳಲ್ಲಿ ಚೆಸ್ ಬೋರ್ಡುಗಳು ಈಗಾಗಲೇ ಇವೆ, ಬಹಳ ಕಡೆ ಡಬ್ಬದಿಂದ ಹೊರಬಂದಿಲ್ಲ. ನಿಮ್ಮೂರಿನ ಅರಿವು ಕೇಂದ್ರಕ್ಕೆ ಈ ವಾರವೇ ಹೋಗಿ ಕೇಳಿ. ಗಟ್ಟಿ ಆಟಗಾರರನ್ನು ಒಂದೇ ಕಡೆ ಸೇರಿಸಬೇಡಿ, ಚೀಟಿ ಎತ್ತಿ ಹಂಚಿ, ಕೊನೆಯ ಬೋರ್ಡಿಗೆ ಊರಿನ ಅತಿ ಚಿಕ್ಕವರನ್ನು ಕೂರಿಸಿ. ಒಂಟೆ ಕಳೆದಿದ್ದರೆ ಕಂಡಿಕೆ ಇಟ್ಟು ಆಡಿ, ಆಟ ನಿಲ್ಲಿಸಬೇಡಿ.